ದೋಣಿ ಎಳೆದ ಗುರುತು

ವುಯೆಲ್ತ ಲಾರ್ಗ, ಉಕಯಾಲಿ ನದಿ
೧೪ ಆಗಸ್ಟ್ ೨೦೦೯

ತೆಯೊಲಿಂದ ಅಕ್ಕಾ,

ಕ್ಷೇಮ ಸಮಾಚಾರ ಬರೆಯುವಷ್ಟು ಶಾಂತಿ ನನ್ನಲ್ಲಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಾಳೆ ಶನಿವಾರ. ನಿನ್ನ ‘ಬೆಳ್ಳಕ್ಕಿ’ ಹಡಗು ಎರಡು ವಾರದ ಮೇಲೆ ಮತ್ತೆ ನಮ್ಮ ದಡಕ್ಕೆ ಬಂದು ಒಂದು ಗಂಟೆ ನಿಲ್ಲುತ್ತದೆ. ಇಪ್ಪತ್ನಾಲ್ಕು ಜನ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಇಳಿಯುತ್ತಾರೆ. ವರ್ಷವಿಡೀ ಅಂಗಿ ಚಡ್ಡಿ ತೊಡುವ ನಮ್ಮ ಗಂಡಸರು ಆ ಒಂದು ಗಂಟೆಗೆ ಹುಲ್ಲಿನ ಲಂಗ ಸುತ್ತಿಕೊಂಡು ಕುಣಿಯುತ್ತಾರೆ. ಏಳು ವರ್ಷದ ನಿನ್ನ ಮಗಳು ಲುಸ್ದಿನ, ಪಕ್ಕದ ಮನೆಯ ಎಲ್ವಿರಾ ಹಗ್ಗ ಕಟ್ಟಿ ಇಟ್ಟುಕೊಂಡಿರುವ ಪೆಲೆಹೊವನ್ನು ಎದೆಗೆ ಅವುಚಿಕೊಂಡು ಫೋಟೋಕ್ಕೆ ನಿಲ್ಲುತ್ತಾಳೆ. ಮರದಲ್ಲಿ ತಲೆಕೆಳಗಾಗಿ ನೇತಾಡುತ್ತ ದಿನಕ್ಕೆ ನಾಲ್ಕು ಕೊಂಬೆ ದಾಟಿದರೆ ಸಾಕೆನ್ನುವ ಪ್ರಾಣಿಗೆ ಗಂಟೆಗೆ ಇಪ್ಪತ್ನಾಲ್ಕು ಎದೆ ದಾಟುವ ಶಿಕ್ಷೆ! ನೀನು ತಣ್ಣನೆಯ ಟವೆಲುಗಳ ಬುಟ್ಟಿ ಹಿಡಿದು ಅವರ ಹಿಂದೆ ಇಳಿಯುತ್ತೀಯ. ಅಮ್ಮನನ್ನು, ನನ್ನನ್ನು, ಹೆತ್ತ ಮಗಳನ್ನು ಎಂದೂ ನೋಡಿಯೇ ಇಲ್ಲದವಳ ಹಾಗೆ ನಡೆದುಕೊಂಡು, ಈ ಕಾಗದವನ್ನು ಕೊಳೆ ಟವೆಲುಗಳ ಅಡಿಗೆ ಸೇರಿಸಿಕೊಂಡು ಹೊರಟುಹೋಗುತ್ತೀಯ. ನಮ್ಮನ್ನು ಕಂಡರೆ ನಿನಗೆ ಅಷ್ಟು ನಾಚಿಕೆಯೇ?

ಹೋದ ವರ್ಷ ಓಲ್ಗ ಚಿಕ್ಕಮ್ಮ ಹೆರಿಗೆ ನೋವಿನಲ್ಲಿ ದೋಣಿಯಲ್ಲೇ ತೀರಿಹೋದದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಹೊಳೆ ನಮ್ಮೂರ ಮುಂದಿನಿಂದ ಹೊರಟು ಕುದುರೆ ಲಾಳದಂತೆ ಮೂರು ತಾಸು ಸುತ್ತಿ ಮತ್ತೆ ನಮ್ಮೂರ ಬೆನ್ನಿಗೇ ಬರುತ್ತದೆ. ಆಸ್ಪತ್ರೆ ಇರುವುದು ಆ ಬೆನ್ನಿನಲ್ಲಿ. ಲಾಳದ ಎರಡು ತುದಿಗಳ ನಡುವಿನ ಕತ್ತಿನಲ್ಲಿ ಇರುವುದು ಬರೀ ಇನ್ನೂರ ನಲವತ್ತು ಹೆಜ್ಜೆ ನೆಲ. ಆ ನೆಲದ ಮೇಲೆ ದೋಣಿ ಎಳೆಯಲು ಆರು ಜನ ಬೇಕಿತ್ತು. ಅವತ್ತು ಶನಿವಾರ. ಆರೂ ಜನ ಹಡಗಿನವರ ಮುಂದೆ ಕುಣಿಯುತ್ತಿದ್ದರು.

ನನ್ನ ಕೈಗೆ ಒಂದು ಕೈಪುಸ್ತಕ ಸಿಕ್ಕಿದೆ: ‘ಊರಿನ ಕೈ, ಊರಿನ ಕಾಲುವೆ’. ಮೂವತ್ತೆರಡೇ ಪುಟ. ನಾಲ್ಕು ಸಲ ಓದಿದೆ. ಆ ಇನ್ನೂರ ನಲವತ್ತು ಹೆಜ್ಜೆಯನ್ನು ನಾವು ಅಗೆಯುತ್ತೇವೆ.

ರುಸ್ಬೆಲ್


‘ಬೆಳ್ಳಕ್ಕಿ’ ಹಡಗು, ಬಟ್ಟೆ ಒಗೆಯುವ ಕೋಣೆ
೨೭ ಆಗಸ್ಟ್ ೨೦೦೯

ತಮ್ಮಾ ರುಸ್ಬೆಲ್,

ನಿನ್ನ ಕಾಗದವನ್ನು ಇಸ್ತ್ರಿ ಮೇಜಿನ ಕೆಳಗೆ ಕೂತು ಓದಿದೆ. ಈ ಕೋಣೆಗೆ ಇರುವುದು ಊಟದ ತಟ್ಟೆಯಷ್ಟಗಲದ ಒಂದು ಗಾಜಿನ ಕಿಂಡಿ. ಅದರಾಚೆ ನೀರು ಬಿಟ್ಟರೆ ಬೇರೇನೂ ಕಾಣಿಸುವುದಿಲ್ಲ. ನೌತಾದಲ್ಲಿ ಹಳೆಯ ಯಾತ್ರಿಕರು ಇಳಿದು ಹೊಸಬರು ಹತ್ತಲು ಹಿಡಿಯುವುದು ಆರು ತಾಸು. ಆ ಆರು ತಾಸಿನಲ್ಲಿ ನಲವತ್ತೆಂಟು ಹಾಸಿಗೆ ವಸ್ತ್ರ ಒಗೆಯಬೇಕು. ನೆಲಕ್ಕೆ ಕಾಲಿಡುವುದೆಂದರೆ ನನಗೆ ನಮ್ಮೂರ ದಡವೊಂದೇ.

ನಾಚಿಕೆಯೇ ಎಂದು ಕೇಳಿದ್ದೀಯ. ಮೇಲ್ವಿಚಾರಕಿ ಮಿರ್ತ ಮೊದಲ ದಿನವೇ ಹೇಳಿದ್ದಳು, “ನೆಂಟಸ್ತಿಕೆ ಮಾಡೋಕೆ ಹಡಗು ನಿಲ್ಸಲ್ಲ, ತೆಯೊಲಿಂದ. ಯಾರ ಜೊತೆಗಾದ್ರೂ ಮಾತಾಡಿದ್ದು ಕಂಡ್ರೆ ಬುಟ್ಟಿ ಬೇರೆಯವಳ ಕೈಗೆ ಹೋಗುತ್ತೆ, ನೆನಪಿರ್ಲಿ.” ಒಪ್ಪಂದ ಮುಗಿಯುವುದು ಮುಂದಿನ ವರ್ಷದ ಡಿಸೆಂಬರಿಗೆ. ಅಲ್ಲಿಯವರೆಗೆ ನಮ್ಮೆಲ್ಲರ ಗುರುತಿನ ಚೀಟಿ ಅವಳ ಡ್ರಾಯರಿನಲ್ಲಿ. ಇಷ್ಟು ಸಾಕು, ನನ್ನ ವಿಷಯ ಬಿಡು.

ಮೊನ್ನೆ ಒಬ್ಬ ಮುದುಕಿ ಮಾರ್ಗದರ್ಶಿ ಎದಿನ್ಸೊನ್‌ನನ್ನು, “ಇಲ್ಲಿಯ ಜನ ಸುಖವಾಗಿದ್ದಾರಾ?” ಎಂದು ಕೇಳಿದಳು. ಅವನು ನನ್ನ ಕಡೆ ಕೈ ತೋರಿಸಿ, “ಅವಳನ್ನೇ ಕೇಳಿ” ಎಂದ. “ಟವೆಲ್ ತಗೊಳ್ಳಿ ಅಮ್ಮಾ” ಎಂದೆ. ಅವಳಿಗೆ ಆ ಉತ್ತರ ಬಹಳ ಹಿಡಿಸಿತು.

ಲುಸ್ದಿನಳ ಮುಂದಿನ ಹಲ್ಲು ಬಿದ್ದಿದೆಯಲ್ಲ, ಯಾವಾಗ ಬಿತ್ತು? ಅದನ್ನು ಬರೆ. ಅಗೆಯುವ ಮಾತನ್ನು ನಂಬಿದೆ ಎಂದುಕೊಳ್ಳಬೇಡ. ನೀನು ಕೋಳಿಗೂಡನ್ನೂ ಅರ್ಧ ಕಟ್ಟಿ ಬಿಟ್ಟವನು.

ತೆಯೊಲಿಂದ


೧೧ ಸೆಪ್ಟೆಂಬರ್ ೨೦೦೯

ಅಕ್ಕಾ,

ಕೋಳಿಗೂಡು ಅರ್ಧಕ್ಕೆ ನಿಂತಿದ್ದು ನಿಜ. ಕಾಲುವೆ ನಿಲ್ಲುವುದಿಲ್ಲ. ಊರಿಗೆ ಊರೇ ಕೂಡಿ ಕೆಲಸಕ್ಕಿಳಿದಿದೆ. ಹನ್ನೊಂದು ಮನೆಯ ಹೆಂಗಸರು ಮರಗೆಣಸಿನ ಮಸಾತೊ ಹುದುಗಿಸಿದ್ದಾರೆ. ಬೆಳಿಗ್ಗೆ ಒಂದು ಸೋರೆಬುರುಡೆ ಕುಡಿದು ಗುದ್ದಲಿ ಹಿಡಿದರೆ ಮಧ್ಯಾಹ್ನದವರೆಗೆ ಯಾರೂ ಸೊಂಟ ನೆಟ್ಟಗೆ ಮಾಡುವುದಿಲ್ಲ. ನೀರು ಇಳಿದಿರುವ ಕಾಲ, ಮಣ್ಣು ಬೆಣ್ಣೆಯ ಹಾಗೆ ಬರುತ್ತಿದೆ. ಒಂದು ಕಲ್ಲೂ ಅಡ್ಡ ಬಂದಿಲ್ಲ. ೧೯ನೇ ತಾರೀಖು ಕೊನೆಯ ಮಣ್ಣು ತೆಗೆದು ನೀರು ಬಿಡುತ್ತೇವೆ.

ಅಮ್ಮ ಒಬ್ಬಳೇ ಬರಲಿಲ್ಲ. ಆ ಕತ್ತಿನ ಮೇಲೆ ದೋಣಿ ಎಳೆದಾಗಲೆಲ್ಲ ಅವಳು ಹಿಂದೆ ಬಂದು, ದೋಣಿಯ ಅಡಿ ಕೊರೆದ ಗುರುತಿಗೆ ಕಾಲಿನಿಂದ ಮಣ್ಣು ತಳ್ಳಿ ಮುಚ್ಚುತ್ತಿದ್ದಳು, ನೆನಪಿದೆಯಾ? ಊರಿನ ಮುದುಕರೆಲ್ಲ ಹಾಗೆಯೇ. ನಾವು ಚಿಕ್ಕವರಿದ್ದಾಗ ಮುಚ್ಚದೆ ಬಂದರೆ ಬೆನ್ನಿಗೆ ಬೀಳುತ್ತಿತ್ತು. ನಿನ್ನೆ ಅವಳಿಗೂ ನನಗೂ ಮಾತಿಗೆ ಮಾತು ಬೆಳೆಯಿತು.

“ನದಿಯ ತಾಯಿ ಅಲ್ಲಿ ಹಾವಾಗಿ ಸುತ್ತಿಕೊಂಡು ಮಲಗಿದಾಳೆ ಕಣೋ. ಅವಳಿಗೆ ಒಳದಾರಿ ತೋರಿಸ್ಬೇಡ.”

“ಇಲ್ಲದ ಹಾವಿಗೆ ಹೆದರಿ ಹೆದರಿ ಓಲ್ಗ ಚಿಕ್ಕಮ್ಮನ್ನ ಕಳ್ಕೊಂಡ್ವಲ್ಲಮ್ಮ!”

“ಅವಳನ್ನ ಕಳ್ಕೊಂಡಿದ್ದು ಹಾವಿಂದ ಅಲ್ಲ, ಕುಣಿತದಿಂದ. ಕುಣಿತ ನಿಲ್ಸು ಹೋಗು. ನೆಲ ಯಾಕೆ ಅಗೀತೀಯ?”

ಆ ಸಿಟ್ಟಿಗೆ ಎಲ್ವಿರಾಳ ಅಂಗಳಕ್ಕೆ ಹೋಗಿ ಪೆಲೆಹೊದ ಹಗ್ಗ ಬಿಚ್ಚಿ ಕಾಡಿಗೆ ಬಿಟ್ಟು ಬಂದೆ. ಅವಳು ಊರಿಗೆಲ್ಲ ಕೇಳುವಂತೆ, “ಬಿಟ್ಟೆಯಲ್ಲೋ ಪುಸ್ತಕದ ಸ್ವಾಮಿ! ನಾಡಿದ್ದು ಹಡಗಿನೋರು ಬಂದಾಗ ನೀನೇ ಬಂದು ಮಕ್ಕಳ ಎದೆಗೆ ನೇತಾಡು!” ಎಂದು ಕೂಗಿದಳು. ಜನ ನಕ್ಕರು. ನಗಲಿ. ಕಾಲುವೆಯಲ್ಲಿ ಓಡಾಡತೊಡಗಿದ ಮೇಲೆ ನಮಗೆ ಹಡಗೂ ಬೇಡ, ಅದರ ಶನಿವಾರವೂ ಬೇಡ.

ಹಲ್ಲು ಆಗಸ್ಟ್ ೧೦ರಂದು ಬಿತ್ತು.

ರುಸ್ಬೆಲ್


೧೩ ಸೆಪ್ಟೆಂಬರ್ ೨೦೦೯

ರುಸ್ಬೆಲ್,

ನಿನ್ನೆ ನೀನು ಕೊಟ್ಟ ಕಾಗದವನ್ನು ಇವತ್ತು ಬೆಳಿಗ್ಗೆ ಓದಿದೆ. ಇದು ನಿನ್ನ ಕೈ ಸೇರುವುದು ೨೬ಕ್ಕೆ. ೧೯ಕ್ಕೆ ನೀವು ನೀರು ಬಿಟ್ಟಿರುತ್ತೀರಿ. ಹದಿಮೂರು ದಿನ ಈ ಕಾಗದ ನನ್ನ ಏಪ್ರನ್ನಿನ ಜೇಬಿನಲ್ಲೇ ಕೂತಿರುತ್ತದೆ. ಹಡಗಿನಿಂದ ಹಾರಿ ಈಜಿಕೊಂಡು ಬರೋಣ ಅನ್ನಿಸುತ್ತಿದೆ.

ನಿನ್ನ ಕಾಗದವನ್ನು ಅದೆಲ್ಮೊ ದೊಡ್ಡಪ್ಪನಿಗೆ ಓದಿ ಹೇಳಿದೆ. ಮೂವತ್ತು ವರ್ಷದಿಂದ ಈ ಹೊಳೆಯಲ್ಲಿ ಹಡಗಿಗೆ ದಾರಿ ತೋರಿಸುತ್ತಿರುವವರು ಅವರು. ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು.

“ಆ ಪುಸ್ತಕ ಎಲ್ಲೀದು?”

“ಬೆಟ್ಟದ ಕಡೆಯ ರೈತರ ಸಂಘದ್ದಂತೆ ದೊಡ್ಡಪ್ಪ.”

“ಅದೇ ನೋಡು. ಅವರ ನೀರು ಕಲ್ಲಿನ ಮೇಲೆ ಹರಿಯುತ್ತೆ, ಹೇಳಿದ ಕಡೆ ಹೋಗುತ್ತೆ. ನಮ್ಮ ಹೊಳೆಗೆ ಕಲ್ಲು ಎಲ್ಲಮ್ಮ ಇದೆ? ಒಂದು ಮೊಳ ಅಗಲ ದಾರಿ ಕೊಟ್ರೆ ಮೊದಲ ಏರುನೀರಿಗೇ ಹೊಳೆ ಪೂರ್ತಿ ಅದರಲ್ಲೇ ನುಗ್ಗುತ್ತೆ. ಸುತ್ತು ಸತ್ತುಹೋಗುತ್ತೆ. ನಿಮ್ಮಮ್ಮ ಕಾಲಲ್ಲಿ ಮಣ್ಣು ತಳ್ತಿದ್ದಿದ್ದು ಮತ್ಯಾಕೆ ಅಂದ್ಕೊಂಡೆ? ಮುಚ್ಚೋಕೆ ಹೇಳು ಅವನಿಗೆ. ನವೆಂಬರ್ ಒಳಗೆ.”

ಮುಚ್ಚು. ನಿನಗೆ ಕೈಮುಗಿಯುತ್ತೇನೆ. ಸುತ್ತು ಸತ್ತರೆ ಹಡಗು ನಮ್ಮೂರಿಗೆ ಬರುವುದಿಲ್ಲ.

ತೆಯೊಲಿಂದ


೯ ಅಕ್ಟೋಬರ್ ೨೦೦೯

ಅಕ್ಕಾ,

ಕಾಲುವೆ ತೆರೆದು ಮೂರು ವಾರವಾಯಿತು. ಮೊಣಕಾಲುದ್ದ ನೀರು, ಒಂದು ದೋಣಿಯ ಅಗಲ. ಮರಿ ಬಾತು ಈಜುವಷ್ಟು ಸಾಧು. ಇಪ್ಪತ್ತು ನಿಮಿಷಕ್ಕೆ ಆಸ್ಪತ್ರೆಯ ಮೆಟ್ಟಿಲು.

ನಿನ್ನ ಕಾಗದದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ! ‘ಹಡಗು ನಮ್ಮೂರಿಗೆ ಬರುವುದಿಲ್ಲ.’ ಅಲ್ಲಿದೆ ನಿಜವಾದ ಭಯ. ನಮ್ಮ ಜನ ಕುಣಿಯದೆ ಹೋದರೆ ಅವರ ಯಾತ್ರಿಕರಿಗೆ ಒಂದು ಗಂಟೆ ಖಾಲಿಯಾಗುತ್ತದೆ. ಹಡಗಿನವರ ಮಾತು ನಿನ್ನ ಬಾಯಲ್ಲಿ, ದೊಡ್ಡಪ್ಪನ ಬಾಯಲ್ಲಿ! ಅವರ ಅನ್ನ ತಿಂದವರಿಗೆ ಅವರ ನಾಲಿಗೆಯೂ ಬರುತ್ತದೆ. ನಾನು ಮುಚ್ಚುವುದಿಲ್ಲ.

ರುಸ್ಬೆಲ್


೨೩ ಅಕ್ಟೋಬರ್ ೨೦೦೯

ರುಸ್ಬೆಲ್,

ಸರಿ.

ಲುಸ್ದಿನಳ ಕೂದಲಿಗೆ ಹೇನು ಹತ್ತಿದೆ. ಸೀಮೆಎಣ್ಣೆ ಹಚ್ಚಬೇಡ, ಅಮ್ಮನಿಗೆ ಹೇಳು, ಬಾಚಣಿಗೆಯಿಂದಲೇ ತೆಗೆಯಲಿ.

ತೆಯೊಲಿಂದ


೨೯ ಜನವರಿ ೨೦೧೦

ಅಕ್ಕಾ,

ನೀನು ಮೂರು ತಿಂಗಳಿಂದ ಹೇನು, ಹಲ್ಲು, ಚಪ್ಪಲಿ ಬಿಟ್ಟು ಬೇರೇನೂ ಬರೆಯುತ್ತಿಲ್ಲ. ಆದರೂ ಸುದ್ದಿ ಕೊಡುವುದು ನನ್ನ ಕರ್ತವ್ಯ. ಜನವರಿ ೬ರಂದು ಎಲ್ವಿರಾಳ ಸೊಸೆಗೆ ನೋವು ಬಂತು. ಕಾಲುವೆಯಲ್ಲಿ ಕರೆದೊಯ್ದೆವು. ಗಂಡು ಮಗು. ತಾಯಿ ಬದುಕಿದಳು, ಮಗುವೂ ಬದುಕಿತು. ನನ್ನ ಇನ್ನೂರ ನಲವತ್ತು ಹೆಜ್ಜೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ನೀರು ಏರಿದೆ. ಕಾಲುವೆ ಸ್ವಲ್ಪ ಅಗಲವಾಗಿದೆ. ಎಂಬತ್ತು ಹೆಜ್ಜೆ ಇರಬಹುದು. ಅಗಲವಾದಷ್ಟೂ ಒಳ್ಳೆಯದೇ, ದೊಡ್ಡ ದೋಣಿಯೂ ಹೋಗಬಹುದು. ಅಂಚಿನ ಬಾಳೆ ನಾಲ್ಕು ಸಾಲು ಹೋಯಿತು. ಮಣ್ಣು ಬೀಳುವ ಸದ್ದಿಗೆ ನಾಯಿಗಳು ಸುಮ್ಮನೆ ಬೊಗಳುತ್ತವೆ.

ರುಸ್ಬೆಲ್


೧೪ ಮಾರ್ಚ್ ೨೦೧೦

ರುಸ್ಬೆಲ್,

ಈ ಕಾಗದವನ್ನು ಯಾರ ಕೈಗೆ ಕೊಡಲಿ?

ನಿನ್ನೆ ಶನಿವಾರ. ಟವೆಲುಗಳನ್ನು ನಿಂಬೆಹುಲ್ಲಿನ ನೀರಲ್ಲಿ ಅದ್ದಿ, ಹಿಂಡಿ, ಸುತ್ತಿ ಬುಟ್ಟಿ ತುಂಬಿಸಿ, ತಲೆ ಬಾಚಿಕೊಂಡು ಕಾಯುತ್ತಿದ್ದೆ. ಹಡಗು ನಮ್ಮೂರ ಸುತ್ತಿನ ಕಡೆ ತಿರುಗಲೇ ಇಲ್ಲ. ಮೇಲಿನಿಂದ ಕಪ್ತಾನನ ಗಟ್ಟಿ ದನಿ: “ಮೂರು ಗಂಟೆ ಉಳೀತು ಮಹನೀಯರೇ! ಯಾರೋ ಪುಣ್ಯಾತ್ಮರು ಹೊಳೆಗೆ ಒಳದಾರಿ ಮಾಡಿಕೊಟ್ಟಿದ್ದಾರೆ!” ಚಪ್ಪಾಳೆ ಕೇಳಿಸಿತು. ಕಿಂಡಿಯಲ್ಲಿ ಕೆಂಪು ಮಣ್ಣಿನ ಗೋಡೆ ಹಾದುಹೋಯಿತು, ಬೇರು ಮೇಲಾಗಿ ಬಿದ್ದ ಮರಗಳು ಹಾದುಹೋದವು. ಅಷ್ಟೇ. ಹಸಿ ದಡಕ್ಕೆ ಹಡಗು ಕಟ್ಟಲಾಗುವುದಿಲ್ಲವಂತೆ. ಕುಣಿತಕ್ಕೆ ಮೇಲಿನ ಇನ್ನೊಂದು ಊರು ಗೊತ್ತಾಗಿದೆ.

ಬರೆಯದೆ ಇಟ್ಟುಕೊಂಡಿದ್ದನ್ನು ಈಗ ಬರೆಯುತ್ತೇನೆ. ಫೋಟೋಕ್ಕೆ ನಿಂತ ಮಕ್ಕಳಿಗೂ ಕೈ ಒರೆಸಿಕೊಳ್ಳಲು ನಾನು ಟವೆಲು ಕೊಡುವಾಗ ಲುಸ್ದಿನ ಅದರ ಅಡಿಯಲ್ಲಿ ನನ್ನ ಹೆಬ್ಬೆರಳನ್ನು ಮೂರು ಸಲ ಒತ್ತುತ್ತಿದ್ದಳು. ನಾನು ಎರಡು ಸಲ. ಅವಳದು ‘ಯಾವಾಗ ಬರ್ತೀಯ’, ನನ್ನದು ‘ಬರ್ತೀನಿ’. ಮಿರ್ತಳ ಕಣ್ಣೆದುರೇ ನಡೆಯುತ್ತಿತ್ತು, ಅವಳಿಗೆ ಕಾಣಲಿಲ್ಲ. ನಿನಗೂ ಕಾಣಲಿಲ್ಲ. ಹದಿನಾಲ್ಕು ದಿನ ನಾನು ಉಸಿರಾಡುತ್ತಿದ್ದುದು ಅದರ ಮೇಲೆ. ‘ಹಡಗು ಬರುವುದಿಲ್ಲ’ ಎಂದು ಬರೆದಾಗ ನಾನು ಹೇಳಿದ್ದು ಹಡಗಿನ ಮಾತಲ್ಲ. ಬಿಡಿಸಿ ಬರೆಯಲು ಸಂಕೋಚವಾಯಿತು. ಬಿಡಿಸಿ ಬರೆದಿದ್ದರೆ ನೀನು ಮುಚ್ಚುತ್ತಿದ್ದೆಯಾ?

ಒಳದಾರಿಯ ಬಾಯಲ್ಲಿ ಹೂಳು ತುಂಬುತ್ತಿದೆಯಂತೆ. ದೊಡ್ಡಪ್ಪ ಸಣ್ಣ ದೋಣಿಯಲ್ಲಿ ಮುಂದೆ ಹೋಗಿ ಕೋಲಿನಿಂದ ಆಳ ನೋಡಿ ಬಿದಿರು ನೆಡಬೇಕು. ಇದನ್ನು ಬಾಟಲಿಯಲ್ಲಿ ಹಾಕಿ ಒಂದು ಬಿದಿರಿಗೆ ಕಟ್ಟುತ್ತಾರೆ. ಸಿಕ್ಕಿದರೆ ಸಿಕ್ಕಿತು.

ತೆಯೊಲಿಂದ


೧೮ ಜೂನ್ ೨೦೧೦

ಅಕ್ಕಾ,

ಬಾಟಲಿ ಸಿಕ್ಕಿ ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕೂತವನು ಏಳು ಸಲ ಎದ್ದೆ. ಇದನ್ನೂ ಅದೇ ಬಾಟಲಿಯಲ್ಲಿ ಬಿದಿರಿಗೆ ಕಟ್ಟುತ್ತೇನೆ.

ಊರ ಮುಂದೆ ಹೊಳೆ ಇಲ್ಲ. ಸುತ್ತಿನ ಬಾಯಿಗೆ ಮರಳು ಕೂತು, ಉಳಿದ ನೀರು ಹಸಿರಾಗಿ, ಮೀನು ಹೊಟ್ಟೆ ಮೇಲಾಗಿ ತೇಲುತ್ತಿದೆ. ದಡದಿಂದ ಹೊಸ ಹೊಳೆಗೆ ತೊಡೆಯವರೆಗಿನ ಕೆಸರಿನಲ್ಲಿ ಅರ್ಧ ತಾಸು ಹಿಡಿಯುತ್ತದೆ. ನಾಲ್ಕು ಮನೆಯವರು ಕಂಬ ಕಿತ್ತುಕೊಂಡು ಹೊರಟುಹೋದರು. ನಮಗೆ ಹೋಗಲು ಜಾಗವಿಲ್ಲ. ಎಲ್ವಿರಾ ಈಗ ಕೂಗುವುದಿಲ್ಲ. ಮೊನ್ನೆ ಮೆಲ್ಲಗೆ, “ಹೊಳೆ ನಮ್ಮನ್ನ ಬಿಟ್ಟು ಹೋಗ್ಲಿಲ್ಲ ಕಣಪ್ಪ. ನಾವೇ ಮಸಾತೊ ಕುಡಿದು ಕಳ್ಸಿಕೊಟ್ವಿ” ಎಂದಳು. ‘ನೀನು’ ಅನ್ನಲಿಲ್ಲ, ‘ನಾವು’ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈಪುಸ್ತಕವನ್ನು ಸುಡಲು ಹೋದೆ. ಅಮ್ಮ ಕಿತ್ತುಕೊಂಡು, “ಒಣಮೀನು ಕಟ್ಟೋಕೆ ಬೇಕು” ಎಂದು ಎತ್ತಿಟ್ಟಳು.

ಲುಸ್ದಿನ ಎರಡು ವಾರಕ್ಕೊಮ್ಮೆ ಕೆಸರು ದಾಟಿ ಹೊಸ ದಡಕ್ಕೆ ಹೋಗಿ ಕೈ ಎತ್ತಿ ನಿಲ್ಲುತ್ತಾಳೆ. ಹಡಗಿನ ಮೇಲಿನವರೂ ಕೈ ಬೀಸುತ್ತಾರಂತೆ. ಹೋದ ಸಲ ಬರುವಾಗ ಕೇಳಿದಳು.

“ಮಾಮ, ಹಡಗು ಯಾವುದಕ್ಕೆ ನಿಲ್ಲುತ್ತೆ?”

“ಪ್ರಾಣಿ ಕಂಡ್ರೆ ನಿಲ್ಲುತ್ತೆ.”

“ನಾವು ಕಂಡ್ರೆ?”

ಅಕ್ಕಾ, ಜುಲೈ ೧೭ರಂದು ಬುಟ್ಟಿ ನಿನ್ನ ಕೈಯಲ್ಲೇ ಇರುವಂತೆ ನೋಡಿಕೋ. ಯಾಕೆ ಎಂದು ಕೇಳಬೇಡ. ನಾನು ಹೇಳುವವನಲ್ಲ.

ರುಸ್ಬೆಲ್


೧೮ ಜುಲೈ ೨೦೧೦

ರುಸ್ಬೆಲ್,

ಹಡಗು ನಿಂತಿತು.

“ಶ್... ಬಲಗಡೆ, ಬಿಳಿ ಕಾಂಡದ ಮರ, ಎರಡನೇ ಕವಲು” ಎಂದ ಎದಿನ್ಸೊನ್. ಯಾತ್ರಿಕರನ್ನು ಸಣ್ಣ ದೋಣಿಗೆ ಇಳಿಸಿದರು. ಬಿಸಿಲಿತ್ತು, ಟವೆಲು ಬೇಕಾಯಿತು, ನಾನೂ ಇಳಿದೆ. ಮಿರ್ತ ಮೇಲೆಯೇ ಉಳಿದಳು. “ಎಷ್ಟು ಆರಾಮಾಗಿದೆ ನೋಡಿ!” ಎಂದ ಒಬ್ಬ. “ಇದಕ್ಕಲ್ವಾ ಸ್ವಾತಂತ್ರ್ಯ ಅನ್ನೋದು” ಎಂದಳು ಅವನ ಹೆಂಡತಿ. ಎಲ್ಲರ ಮುಖ ಮೇಲೆ, ನನ್ನದು ಕೆಳಗೆ. ದಡದ ಹುಲ್ಲಿನಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದಳು ಲುಸ್ದಿನ. ಎತ್ತರವಾಗಿದ್ದಾಳೆ. ಹೊಸ ಹಲ್ಲು ಸೊಟ್ಟಗೆ ಬಂದಿದೆ. ದೋಣಿ ಹುಲ್ಲಿಗೆ ತಾಗಿದಾಗ ನಾನು ಟವೆಲು ನೀರಿಗೆ ಜಾರಿಸಿ ಬಗ್ಗಿದೆ. ಅವಳು ಈ ಸಲ ಮೂರು ಸಲ ಒತ್ತಲಿಲ್ಲ. ಒಂದೇ ಸಲ ಹಿಡಿದಳು, ಬಿಡಲೇ ಇಲ್ಲ. ಮೋಟಾರು ಶುರುವಾದಾಗ ಬೆರಳನ್ನು ನಾನೇ ಎಳೆದುಕೊಳ್ಳಬೇಕಾಯಿತು. ಹೆತ್ತವಳು ಮಾಡುವ ಕೆಲಸವೇ ಅದು?

ಆಮೇಲೆ ತಲೆ ಎತ್ತಿದೆ. ಪೆಲೆಹೊ ಮೇಲಿನ ಕೊಂಬೆಗೆ ಕೈ ಚಾಚಿತು. ಅರ್ಧಕ್ಕೆ ನಿಂತಿತು. ಕೈ ಇಳಿಸಿ ಮತ್ತೆ ಚಾಚಿತು. ಸೊಂಟದ ಕೂದಲಿನೊಳಗೆ ಕೆಂಪು ದಾರ. ಅದು ಲುಸ್ದಿನಳ ಶಾಲೆ ಲಂಗದ ಅಂಚು, ನಾನೇ ಹೊಲಿದದ್ದು. ಇಪ್ಪತ್ನಾಲ್ಕು ದುರ್ಬೀನುಗಳಲ್ಲಿ ಒಂದಕ್ಕೂ ಅದು ಕಾಣಲಿಲ್ಲ. ಎಲ್ವಿರಾಳ ಹಗ್ಗ ಬಿಚ್ಚಿದ ಕೈಯೇ ಈ ದಾರ ಕಟ್ಟಿದ್ದೆಂದು ನನಗೆ ಗೊತ್ತು. ಕಟ್ಟುವಾಗ ಆ ಕೈಗೆ ಏನಾಗಿರಬೇಕೆಂಬುದೂ ಗೊತ್ತು.

ಬಿಚ್ಚಿಬಿಡು. ಅದನ್ನು ಕಟ್ಟಿಹಾಕಿ ನಾನು ಮಗಳನ್ನು ನೋಡುವುದಿಲ್ಲ.

ಒಳದಾರಿಯ ಬಾಯಲ್ಲಿ ಹಡಗು ನಿಲ್ಲದಿದ್ದರೂ ನಡಿಗೆಗಿಂತ ನಿಧಾನ ಮಾಡಲೇಬೇಕು. ದೊಡ್ಡಪ್ಪ ಮುಂದೆ ಹೋಗಿ ಆಳ ನೋಡುವಷ್ಟು ಹೊತ್ತು. “ಆಗಸ್ಟ್ ಹದಿನಾಲ್ಕಕ್ಕೆ ಕೋಲು ಹಿಡಿಯೋಕೆ ಇನ್ನೊಬ್ರು ಬೇಕು ಅಂತ ಕಪ್ತಾನನ್ನ ಕೇಳ್ತೀನಿ. ನಿನ್ನ ಹೆಸರು ಹೇಳ್ತೀನಿ” ಎಂದಿದ್ದಾರೆ. “ಅಲ್ಲಿಂದಾಚೆ ನಾನು ನೀರು ನೋಡ್ತಿರ್ತೀನಮ್ಮ, ದೋಣೀಲಿ ಯಾರಿದ್ರು ಯಾರಿಲ್ಲ ನನಗೆ ಕಾಣಲ್ಲ.” ನಿನ್ನ ದೋಣಿ ಮೂರನೇ ಬಿದಿರಿನ ಹತ್ತಿರ ಇರಲಿ. ಗುರುತಿನ ಚೀಟಿ ಮಿರ್ತಳ ಡ್ರಾಯರಿನಲ್ಲಿದೆ. ಇರಲಿ. ನಾನು ಯಾರೆಂದು ಗೊತ್ತಿರುವವಳು ದಡದಲ್ಲಿದ್ದಾಳೆ.

ತೆಯೊಲಿಂದ


೧೩ ಆಗಸ್ಟ್ ೨೦೧೦, ಶುಕ್ರವಾರ

ಅಕ್ಕಾ,

ಇದನ್ನು ಮೂರನೇ ಬಿದಿರಿಗೆ ಕಟ್ಟುತ್ತೇನೆ. ಇದು ನಿನ್ನ ಕೈಗೆ ಸಿಗುವ ಹೊತ್ತಿಗೆ ನೀನು ನಮ್ಮ ದೋಣಿಯಲ್ಲೇ ಇರಬಹುದು. ಆದರೂ ನಿನ್ನದೊಂದು ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ.

ನೀನು ಬಿಡಿಸಿ ಬರೆದಿದ್ದರೆ ಮುಚ್ಚುತ್ತಿದ್ದೆನಾ ಎಂದು ಕೇಳಿದ್ದೆ. ಇಲ್ಲ. ಆಗಿನ ನಾನು ಮುಚ್ಚುತ್ತಿರಲಿಲ್ಲ. ಒಂದು ಹೆಬ್ಬೆರಳಿಗಾಗಿ ಊರಿನ ಕಾಲುವೆ ನಿಲ್ಲಿಸುವುದೇ ಎಂದು ನಿನಗೆ ನಾಲ್ಕು ಪುಟ ಬರೆಯುತ್ತಿದ್ದೆ. ಎಲ್ವಿರಾಳ ಮೊಮ್ಮಗನನ್ನು ನೋಡಿದಾಗ ಈಗಲೂ ಅಗೆದದ್ದು ಪೂರ್ತಿ ತಪ್ಪೆಂದು ಹೇಳಲು ನಾಲಿಗೆ ಏಳುವುದಿಲ್ಲ. ‘ನೆಲ ಯಾಕೆ ಅಗೀತೀಯ’ ಎಂದು ಅಮ್ಮ ಕೇಳಿದ್ದಕ್ಕೂ ಉತ್ತರವಿಲ್ಲ. ಎರಡನ್ನೂ ಇಟ್ಟುಕೊಂಡು ಬದುಕಬೇಕು. ಇದಕ್ಕೆ ಯಾರೂ ಕೈಪುಸ್ತಕ ಬರೆದಿಲ್ಲ.

ಕೆಂಪು ದಾರವನ್ನು ನಿನ್ನ ಕಾಗದ ಓದಿದ ದಿನವೇ ಬಿಚ್ಚಿದೆ. ಪೆಲೆಹೊ ಬಿಟ್ಟದ್ದು ತಿಳಿಯದೆ ಮಧ್ಯಾಹ್ನದವರೆಗೆ ಅಲ್ಲೇ ಕೂತಿತ್ತು. ಆಮೇಲೆ ಕೈ ಚಾಚಿತು. ಕೊಂಬೆ ಸಿಕ್ಕಿತು. ನಾನು ಅಲ್ಲಿಂದ ಎದ್ದು ಬಂದೆ, ನೋಡಲು ಆಗಲಿಲ್ಲ.

ಇವತ್ತು ದೋಣಿಗೆ ಅಂಟು ಹಚ್ಚಿ, ನಾನು, ಅಮ್ಮ, ಎಲ್ವಿರಾ, ಅವಳ ಮಗ, ಸೊಸೆ ಸೇರಿ ಕೆಸರಿನ ಮೇಲೆ ಹೊಸ ಹೊಳೆಯವರೆಗೆ ಎಳೆದು ತಂದೆವು. ಆರನೆಯವಳು ಲುಸ್ದಿನ. ಹಗ್ಗ ಹಿಡಿದಷ್ಟು ಹೊತ್ತೂ ಕೇಳುತ್ತಲೇ ಇದ್ದಳು.

“ನಾಳೆ ನಿಲ್ಲುತ್ತಾ ಮಾಮ?”

“ನಿಲ್ಲಲ್ಲ ಪುಟ್ಟಿ. ನಿಧಾನ ಆಗುತ್ತೆ.”

“ಸಾಕಾ?”

“ಸಾಕು.”

ದೋಣಿ ದಡ ಮುಟ್ಟಿದ ಮೇಲೆ ಸುಧಾರಿಸಿಕೊಂಡು ತಿರುಗಿ ನೋಡಿದರೆ ಅವಳು ಪಕ್ಕದಲ್ಲಿಲ್ಲ. ಊರಿನ ಕಡೆ ಮುಖ ಮಾಡಿಕೊಂಡು, ಬಂದ ದಾರಿಯಲ್ಲೇ ಒಂದೊಂದೇ ಹೆಜ್ಜೆ ವಾಪಸು ಹೋಗುತ್ತ, ದೋಣಿ ಎಳೆದ ಗುರುತಿಗೆ ಕಾಲಿನಿಂದ ಮಣ್ಣು ತಳ್ಳುತ್ತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು.

ನಾನು ಇನ್ನೊಂದು ತುದಿಯಿಂದ ಮುಚ್ಚುತ್ತ ಬಂದೆ.

ರುಸ್ಬೆಲ್